ಎನ್‌ಐಸಿಯುನಲ್ಲಿ ಮಗು, ಮನೆಯಲ್ಲಿ ಬಾಣಂತಿ: ಬಂಧುಗಳು ಮಾಡಬೇಕಾದುದೇನು?

ಪ್ರಶ್ನೆ: ನನ್ನ ತಮ್ಮನ ಹೆಂಡತಿಗೆ 30ನೆಯ ವಾರದಲ್ಲೇ ಹೆರಿಗೆಯಾಗಿದೆ. ಒಂದೂಕಾಲು ಕಿಲೊ ತೂಕದ ಮಗು ಮುಂಬಯಿಯ ಪರೇಲ್‌ನ ಆಸ್ಪತ್ರೆಯೊಂದರ ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ). ತಾಯಿಯನ್ನು ಡೊಂಬಿವಲಿಯ ಮನೆಗೆ ಕಳುಹಿಸಿದ್ದಾರೆ. ಊರಿನಿಂದ ಬಂದಿರುವ ನಮ್ಮಮ್ಮ, ಬಾಣಂತಿ ನಲವತ್ತು ದಿನ ಹೊರಗೆ ಕಾಲಿಡಬಾರದು ಎನ್ನುತ್ತಾರೆ. ನಾವು ಹೇಗೆ ನೆರವಾಗಬಹುದು?

ಉತ್ತರ: ತಾಯಿ ದಿನದ ಹೆಚ್ಚಿನ ಹೊತ್ತು ಮಗುವಿನ ಬಳಿ ಇರುವಂತೆ ಮಾಡುವುದೇ ನೀವು ನೀಡಬಹುದಾದ ಅತಿ ದೊಡ್ಡ ನೆರವು. ಉಳಿದ ಸಹಾಯವೆಲ್ಲ ಇದಕ್ಕೆ ಅನುಕೂಲವಾಗುವಂತಿರಬೇಕು.

ಇದು ಭಾವನೆಯ ಮಾತಷ್ಟೇ ಅಲ್ಲ. ಅವಧಿಗೆ ಮುನ್ನ ಹುಟ್ಟಿದ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಒರಗಿಸಿಕೊಳ್ಳುವ ಕಾಂಗರೂ ಆರೈಕೆಯನ್ನು ಸಾಧ್ಯವಾದಷ್ಟು ಬೇಗ ಆರಂಭಿಸಿ, ದಿನಕ್ಕೆ 8ರಿಂದ 24 ಗಂಟೆಗಳವರೆಗೆ ಮುಂದುವರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಶಿಫಾರಸು ಮಾಡಿದೆ. ಇದರಿಂದ ಮಗುವಿನ ಮೈ ಬೆಚ್ಚಗಿರುತ್ತದೆ, ಸೋಂಕಿನ ಅಪಾಯ ತಗ್ಗುತ್ತದೆ, ಎದೆಹಾಲು ಹೆಚ್ಚಲು ಸಹಾಯವಾಗುತ್ತದೆ. ನಿಮ್ಮ ಮಗುವಿಗೆ ಯಾವಾಗ ಆರಂಭಿಸಬಹುದೆಂಬುದನ್ನು ಅಲ್ಲಿನ ವೈದ್ಯರು ಹೇಳಬೇಕು. ಅವರು ಒಪ್ಪಿದರೆ ತಂದೆಯೂ ಅಜ್ಜಿಯೂ ಸರದಿಯ ಮೇಲೆ ಮಗುವನ್ನು ಎದೆಗಪ್ಪಿಕೊಂಡು ಕೂರಬಹುದು. ನಿಮ್ಮ ಅಮ್ಮನಿಗೆ ಈ ಸಂಗತಿಯನ್ನು ಮೊದಲು ತಿಳಿಸಿ. ಬಾಣಂತನ ಮಾಡಲೆಂದು ಅಷ್ಟು ದೂರದಿಂದ ಬಂದವರಿಗೆ ತಮ್ಮ ಕೈಯಲ್ಲಿ ಆಗುವ ಕೆಲಸ ಇಲ್ಲಿಯೂ ಇದೆ ಎಂದು ಗೊತ್ತಾಗುತ್ತದೆ.

ಬಾಣಂತಿಗೆ ವಿಶ್ರಾಂತಿ ಬೇಕೆಂಬ ಹಿರಿಯರ ಮಾತು ತಪ್ಪಲ್ಲ. ಆದರೆ ಆ ಪದ್ಧತಿಯು ತಾಯಿ ಮಗು ಒಂದೇ ಕೋಣೆಯಲ್ಲಿರುತ್ತಾರೆಂಬ ನಂಬಿಕೆಯ ಮೇಲೆ ನಿಂತಿದೆ. ಇಲ್ಲಿ ಅವರಿಬ್ಬರ ನಡುವೆ ಲೋಕಲ್ ರೈಲಿನ ಸೆಂಟ್ರಲ್ ಲೈನಿನ ಅಷ್ಟೂ ಸ್ಟೇಷನ್‌ಗಳಿವೆ. ಹೊಲಿಗೆಯಿನ್ನೂ ಮಾಗದ ಹೆಣ್ಣುಮಗಳನ್ನು ಬೆಳಗಿನ ಎಂಟರ ಲೋಕಲ್‌ಗೆ ಹತ್ತಿಸುವುದಂತೂ ಆಗದ ಮಾತು. ಆಸ್ಪತ್ರೆಯಲ್ಲಿ ತಾಯಂದಿರು ತಂಗಲು ವ್ಯವಸ್ಥೆಯಿದೆಯೇ ಎಂದು ಮೊದಲು ವಿಚಾರಿಸಿ. ಇಲ್ಲದಿದ್ದರೆ ದಾದರ್, ಮಾಟುಂಗಾ, ವಡಾಲಾ ಕಡೆ ನೆಂಟರಿದ್ದವರು ಕೆಲವು ವಾರಗಳ ಮಟ್ಟಿಗೆ ಒಂದು ಕೋಣೆ ಬಿಟ್ಟುಕೊಟ್ಟರೆ, ಹಣ್ಣಿನ ಬುಟ್ಟಿ ಹಿಡಿದು ಬರುವ ಹತ್ತು ಜನರಿಗಿಂತ ಆ ಒಂದು ಮನೆಯವರ ಉಪಕಾರ ದೊಡ್ಡದು. ಮುಂಬಯಿಯ ಮನೆಗಳಲ್ಲಿ ಒಂದು ಕೋಣೆ ಬಿಟ್ಟುಕೊಡುವುದೆಂದರೆ ಏನೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೆಂತ್ಯದ ಗಂಜಿ, ಬೆಳ್ಳುಳ್ಳಿ ಸಾರು ಅಲ್ಲಿಗೇ ಡಬ್ಬಿಯಲ್ಲಿ ಹೋಗಲಿ.

ಎದೆಹಾಲಿನ ವಿಷಯದಲ್ಲಿ ಬಂಧುಗಳ ನಾಲಗೆ ಹಿಡಿತದಲ್ಲಿರುವುದು ಅಗತ್ಯ. 30 ವಾರದ ಮಗುವಿಗೆ ಹೀರಿ, ನುಂಗಿ, ಉಸಿರಾಡುವ ಹೊಂದಾಣಿಕೆ ಇನ್ನೂ ಬಂದಿರುವುದಿಲ್ಲವಾದ್ದರಿಂದ ತಾಯಿ ಹಾಲನ್ನು ಹಿಂಡಿ ಕೊಡಬೇಕು, ಅದನ್ನು ನಳಿಕೆಯ ಮೂಲಕ ಉಣಿಸುತ್ತಾರೆ. ರಾತ್ರಿಯೂ ಸೇರಿ ದಿನಕ್ಕೆ ಸುಮಾರು ಎಂಟು ಬಾರಿ ಹಿಂಡಿದರೆ ಮಾತ್ರ ಹಾಲು ಉಳಿದು ಬೆಳೆಯುತ್ತದೆ. ಮೊದಲ ದಿನಗಳಲ್ಲಿ ಬರುವುದು ಕೆಲವು ಹನಿಗಳಷ್ಟೇ. ಆಗ ಮಗುವಿಗೆ ಬೇಕಾಗಿರುವುದೂ ಕೆಲವೇ ಮಿಲಿಲೀಟರ್. “ಹಾಲೇ ಇಲ್ಲವಂತೆ” ಎಂಬ ಮಾತು ತಾಯಿಯ ಕಿವಿಗೆ ಬೀಳದಿರಲಿ. ನಿಜವಾಗಿಯೂ ಸಾಲದಿದ್ದರೆ ದಾನಿ ತಾಯಂದಿರ ಹಾಲನ್ನು ಪಾಶ್ಚೀಕರಿಸಿ (ಹದವಾಗಿ ಕಾಯಿಸಿ ರೋಗಾಣು ಕಳೆದು) ಕೊಡುವ ಹಾಲಿನ ಬ್ಯಾಂಕುಗಳಿವೆ. ಭಾರತದ ಮೊದಲನೆಯದನ್ನು ಡಾ. ಅರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ಇದೇ ನಗರದ ಸಾಯನ್ ಆಸ್ಪತ್ರೆಯಲ್ಲಿ ಆರಂಭಿಸಿದರು.

ತೂಕವನ್ನೂ ದಿನದಿನ ಕೇಳಬೇಡಿ. ಮೊದಲ ವಾರದಲ್ಲಿ ಇಂತಹ ಮಕ್ಕಳ ತೂಕ ಕೊಂಚ ಇಳಿಯುವುದು ಸಹಜ; ಅದನ್ನು ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳಬೇಕಾಗಿ ಬಂದ ತಾಯಿಗೆ ಅದು ತನ್ನದೇ ಸೋಲಿನಂತೆ ಕಾಣತೊಡಗುತ್ತದೆ. ಸುದ್ದಿ ತಿಳಿಸುವ ಹೊಣೆಯನ್ನು ನೀವೊಬ್ಬರೇ ವಹಿಸಿಕೊಂಡು, ಕುಟುಂಬದ ವಾಟ್ಸಾಪ್ ಗುಂಪಿಗೆ ದಿನಕ್ಕೊಮ್ಮೆ ಬರೆಯಿರಿ. ಆಕೆಗೆ ಮರಾಠಿ, ಹಿಂದಿ ಅಷ್ಟಾಗಿ ಬಾರದಿದ್ದರೆ ವೈದ್ಯರು ಮಾತನಾಡುವ ಹೊತ್ತಿಗೆ ಬಲ್ಲವರೊಬ್ಬರು ಜೊತೆಯಲ್ಲಿದ್ದು, ಹೇಳಿದ್ದನ್ನು ಸೋಸದೆ ಕನ್ನಡದಲ್ಲಿ ತಿಳಿಸಬೇಕು. “ಏನಿಲ್ಲ, ಎಲ್ಲ ಸರಿಯಿದೆ” ಎಂದು ಮುಚ್ಚಿಟ್ಟರೆ ಆಕೆ ಅದಕ್ಕಿಂತ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾಳೆ. ಅಳು, ನಿದ್ರಾಹೀನತೆ, ಮಗುವನ್ನು ನೋಡಲೂ ಮನಸ್ಸಿಲ್ಲದಿರುವುದು ಎರಡು ವಾರ ದಾಟಿದರೆ ವೈದ್ಯರಿಗೆ ತಿಳಿಸಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಹಣದ ಬಗ್ಗೆ ನಿಮ್ಮ ತಮ್ಮ ತಾನಾಗಿ ಬಾಯಿಬಿಡಲಾರ, ನೀವೇ ಕೇಳಿ. ಮಹಾರಾಷ್ಟ್ರದ ದತ್ತಿ ಆಸ್ಪತ್ರೆಗಳಲ್ಲಿ ಶೇ. 10ರಷ್ಟು ಹಾಸಿಗೆಗಳು ಬಡವರಿಗೆ ಉಚಿತವಾಗಿ, ಇನ್ನು ಶೇ. 10ರಷ್ಟು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಮೀಸಲಾಗಿರುತ್ತವೆ. ಆಸ್ಪತ್ರೆಯ ಸಮಾಜ ಸೇವಕರನ್ನು ಕಂಡು ಮಾತನಾಡಿ. ತಾಯಿ ಉದ್ಯೋಗದಲ್ಲಿದ್ದರೆ, ಅವಧಿಪೂರ್ವ ಹೆರಿಗೆಯಿಂದಾದ ಅನಾರೋಗ್ಯಕ್ಕೆ ಹೆರಿಗೆ ರಜೆಯ ಜೊತೆಗೆ ಇನ್ನೂ ಒಂದು ತಿಂಗಳವರೆಗೆ ವೇತನಸಹಿತ ರಜೆ ಪಡೆಯಲು 1961ರ ಹೆರಿಗೆ ಸೌಲಭ್ಯ ಕಾನೂನಿನಲ್ಲೇ ಅವಕಾಶ ಕಲ್ಪಿಸಲಾಗಿತ್ತು.

ಇನ್ನೊಂದು ವಿಷಯ. ಇಷ್ಟು ಬೇಗ ಹುಟ್ಟಿದ ಮಕ್ಕಳಿಗೆ ಕಣ್ಣಿನ ಅಕ್ಷಿಪಟಲದ ತೊಂದರೆ ಬರಬಹುದಾದ್ದರಿಂದ, ಹುಟ್ಟಿದ 30 ದಿನಗಳೊಳಗೆ ನೇತ್ರತಜ್ಞರ ತಪಾಸಣೆ ಆಗಲೇಬೇಕು. ಮನೆಗೆ ಬಂದ ಸಂಭ್ರಮದಲ್ಲಿ ಮುಂದಿನ ತಪಾಸಣೆಗಳು ತಪ್ಪಿಹೋಗುವುದುಂಟು. ಆ ದಿನಾಂಕಗಳನ್ನು ವೈದ್ಯರಿಂದ ಬರೆಸಿಕೊಂಡು, ಆಯಾ ದಿನ ಜೊತೆಗೆ ಹೋಗುವವರು ಯಾರೆಂಬುದನ್ನು ನೀವೂ ನಿಮ್ಮ ತಮ್ಮನೂ ಈಗಲೇ ನಿಶ್ಚಯಿಸಿಕೊಳ್ಳಿ.