ಪಿಸ್ತೂಲು ಅಕ್ಕಿ ಚೀಲದಲ್ಲಿತ್ತು

ರಾತ್ರಿ ಹನ್ನೊಂದರ ಮೇಲೆ ಬರುವ ಫೋನು ಹೆಚ್ಚಾಗಿ ಹೀಗೇ ಶುರುವಾಗುತ್ತದೆ: "ಸರ್, ಕೇಸು ಗೀಸು ಏನೂ ಬೇಡ. ನೀವೇ ಅವರಿಗೊಂದು ಮಾತು ಬುದ್ಧಿ ಹೇಳ್ತೀರಾ?"

ನಾನು ಕ್ಯಾಲಿಫೋರ್ನಿಯಾದಲ್ಲಿ ವಕೀಲ. ಬುದ್ಧಿ ಹೇಳುವುದು ನನ್ನ ಕಸುಬಲ್ಲ, ನನ್ನ ಮಗನೇ ನನ್ನ ಮಾತು ಕೇಳುವುದಿಲ್ಲ.

ಹಾಗೆ ಫೋನ್ ಮಾಡಿದವರಲ್ಲಿ ದಾವಣಗೆರೆ ಕಡೆಯವರೊಬ್ಬರಿದ್ದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ. ಗಂಡನ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಹಿಂದೊಮ್ಮೆ ಪಕ್ಕದ ಮನೆಯಲ್ಲಿ ಕಳ್ಳತನವಾದಾಗ ಕೊಂಡ ಪಿಸ್ತೂಲು ಮನೆಯಲ್ಲಿತ್ತು. ಈಗ ಮನುಷ್ಯ ರಾತ್ರಿಯೆಲ್ಲ ಎದ್ದು ಕೂರುತ್ತಾರೆ, "ನಾನಿಲ್ದಿದ್ರೆ ನಿಮಗೇ ಆರಾಮ" ಅನ್ನುತ್ತಾರೆ. ಈಕೆ ಪಿಸ್ತೂಲನ್ನು ಸೋನಾ ಮಸೂರಿ ಚೀಲದೊಳಗೆ ಹುಗಿದಿಟ್ಟು, ಗ್ಯಾರೇಜಿನಲ್ಲಿ ನಿಂತು ಪಿಸುಗುಡುತ್ತಿದ್ದರು.

ರೆಡ್ ಫ್ಲ್ಯಾಗ್ ಆದೇಶದ ಬಗ್ಗೆ ಹೇಳಿದೆ, ಅಂದರೆ ಅಪಾಯವಿರುವವರ ಕೈಯಿಂದ ಕೆಲಕಾಲ ಬಂದೂಕು ದೂರವಿಡಿಸುವ ಕೋರ್ಟಿನ ಆದೇಶ. "ಅಯ್ಯೋ, ಗಂಡನ ಮೇಲೆ ಕ್ರಿಮಿನಲ್ ಕೇಸಾ?"

ಇದೊಂದು ಮಾತಿಗೆ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಇದು ಸಿವಿಲ್ ಆದೇಶ ಕಣ್ರೀ. ಆರೋಪ ಇಲ್ಲ, ಬಂಧನ ಇಲ್ಲ, ಶಿಕ್ಷೆ ಇಲ್ಲ. ನಿಮ್ಮ ಯಜಮಾನರು ತಪ್ಪು ಮಾಡಿದ್ದಾರೆ ಅಂತ ಯಾರೂ ಹೇಳುತ್ತಿಲ್ಲ. ಅವರಿಗೆ ಹುಚ್ಚು ಅಂತಲೂ ಹೇಳುತ್ತಿಲ್ಲ, ಡಾಕ್ಟರ್ ಸರ್ಟಿಫಿಕೇಟು ಬೇಕಿಲ್ಲ. ನ್ಯಾಯಾಧೀಶರು ಕೇಳುವುದು ಇಷ್ಟೇ: ಸದ್ಯಕ್ಕೆ ಈ ಕೈಗೆ ಬಂದೂಕು ಸಿಕ್ಕರೆ ಅಪಾಯವಿದೆಯಾ? ಇದೆ ಅನ್ನಿಸಿದರೆ ಮೊದಲು 21 ದಿನದ ತಾತ್ಕಾಲಿಕ ಆದೇಶ. ಆಮೇಲೆ ವಿಚಾರಣೆ. ಅಲ್ಲಿ ಗಟ್ಟಿ ಸಾಕ್ಷ್ಯ ಬೇಕು, ಅವರ ಮಾತನ್ನೂ ಕೇಳುತ್ತಾರೆ. ಒಪ್ಪಿದರೆ ಒಂದರಿಂದ ಐದು ವರ್ಷ. ಅರ್ಜಿಗೆ ಶುಲ್ಕವಿಲ್ಲ.

ಎರಡು ಎಚ್ಚರಿಕೆ. ಆದೇಶ ಬಂದ ಮೇಲೂ ಬಂದೂಕು ಇಟ್ಟುಕೊಂಡರೆ ಅದು ಅಪರಾಧ, ಸುಳ್ಳು ಹೇಳಿ ಅರ್ಜಿ ಹಾಕಿದರೂ ಅಪರಾಧ. "ವೀಸಾ ಹೋಗುತ್ತಾ?" ಅಂತ ಎಲ್ಲರೂ ಕೇಳುತ್ತಾರೆ. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿರುವವರು ಸಾಮಾನ್ಯವಾಗಿ ಬಂದೂಕು ಕೊಳ್ಳುವಂತೆಯೇ ಇಲ್ಲ, ಹಾಗಾಗಿ ನನ್ನ ಹತ್ತಿರ ಬರುವವರು ಬಹುತೇಕ ಗ್ರೀನ್ ಕಾರ್ಡಿನವರು, ಪೌರತ್ವ ಪಡೆದವರು. ಆದರೂ ನಿಮ್ಮ ವಲಸೆ ವಕೀಲರನ್ನು ಒಮ್ಮೆ ಕೇಳಿ, ನನ್ನ ಅಂಕಣ ನಂಬಿಕೊಂಡು ಕೂರಬೇಡಿ.

ಈ ಕಾನೂನು ಹುಟ್ಟಿದ್ದೇ ಮನೆಯವರ ಸಂಕಟದಿಂದ. 2014ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಐಲಾ ವಿಸ್ಟಾದಲ್ಲಿದ್ದ ಒಬ್ಬ ಹುಡುಗನ ವಿಡಿಯೊ ನೋಡಿ ತಾಯಿ ಗಾಬರಿಯಾದರು. ಸುದ್ದಿ ತಲುಪಿ ಪೊಲೀಸರು ಅವನ ಬಾಗಿಲಿಗೆ ಹೋದರು. ಹುಡುಗ ನಯವಾಗಿ ಮಾತಾಡಿದ, ಅವರು ವಾಪಸ್ ಬಂದರು. ಒಳಗೆ ಬಂದೂಕುಗಳಿದ್ದವು. ಮೇ ತಿಂಗಳಲ್ಲಿ ಆರು ಜನರನ್ನು ಕೊಂದ. ಅದೇ ವರ್ಷ ಕಾನೂನು ಪಾಸಾಯಿತು, 2016ರಿಂದ ಜಾರಿಯಲ್ಲಿದೆ. ಕನೆಕ್ಟಿಕಟ್ ರಾಜ್ಯದಲ್ಲಂತೂ 1999ರಿಂದಲೇ ಇಂಥದ್ದಿದೆ. ಟಿವಿಯಲ್ಲಿ ಬರುವುದು ಶಾಲೆ, ಮಾಲ್‌ಗಳ ಗುಂಡಿನ ದಾಳಿ. ಆದರೆ ಅಮೆರಿಕದಲ್ಲಿ ಗುಂಡಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಜೀವ ತಾವೇ ಕಳೆದುಕೊಂಡವರು.

ಹಿಂದೆ ಕೊಡಗಿನವರೊಬ್ಬರು ಬಂದಿದ್ದರು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಮನೆತನ, ತಮ್ಮನ ಬಂದೂಕನ್ನು ಪೊಲೀಸರ ಕೈಗೆ ಕೊಡಿಸುವುದೆಂದರೆ ಮಾನ ಹೋದ ಹಾಗೆ ಅಂದರು. ಅವಧಿ ಮುಗಿದ ಮೇಲೆ, ಬೇರೆ ಅಡ್ಡಿ ಇಲ್ಲದಿದ್ದರೆ, ವಾಪಸ್ ಸಿಗುತ್ತದೆ ಅಂತ ತಿಳಿಸಿದಾಗ ಮುಖ ಸಡಿಲವಾಯಿತು.

ದಾವಣಗೆರೆಯವರಿಗೂ ಬಿಡಿಸಿ ಹೇಳಿದೆ. ಅಕ್ಕಿ ಚೀಲದ ಪಿಸ್ತೂಲು ಸಿಗದಿದ್ದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದಲ್ವಾ? ಆದೇಶವಿದ್ದರೆ ಅಂಗಡಿಯವನ ತಪಾಸಣೆಯಲ್ಲಿ ಹೆಸರು ಸಿಕ್ಕಿಬೀಳುತ್ತದೆ, ಮಾರುವಂತಿಲ್ಲ. ಈಗಲೇ ಏನಾದರೂ ಆಗಬಹುದು ಅನ್ನಿಸಿದರೆ ನನ್ನನ್ನು ಬಿಟ್ಟು 911ಕ್ಕೆ ಫೋನ್ ಮಾಡಿ, ಪೊಲೀಸರು ರಾತ್ರಿಯೇ ನ್ಯಾಯಾಧೀಶರನ್ನು ಎಬ್ಬಿಸಿ ತುರ್ತು ಆದೇಶ ಪಡೆಯಬಹುದು ಅಂದೆ.

ಮರುದಿನ ಅರ್ಜಿ ಹಾಕಿದೆವು. ವಿಚಾರಣೆಗೆ ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು, ವಿರೋಧಿಸಲಿಲ್ಲ. ಒಂದು ವರ್ಷದ ಆದೇಶವಾಯಿತು. ಹೊರಗೆ ಬಂದ ಮೇಲೆ ಆಕೆ ನನ್ನನ್ನು ಪಕ್ಕಕ್ಕೆ ಕರೆದರು.

"ಸರ್, ಆ ಅಕ್ಕೀಲಿ ಅನ್ನ ಮಾಡಬಹುದಾ?"