ಪದ ಪರಿಚಯ: ‘ಯೆಹೋವನು ಆರಿಸಿಕೊಳ್ಳುವ ಸ್ಥಳ’

ಬೈಬಲಿನ ಐದನೆಯ ಪುಸ್ತಕವಾದ ಧರ್ಮೋಪದೇಶಕಾಂಡ ಓದುವವರಿಗೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ‘ನಿಮ್ಮ ದೇವರಾದ ಯೆಹೋವನು ಆರಿಸಿಕೊಳ್ಳುವ ಸ್ಥಳ’. 12ನೇ ಅಧ್ಯಾಯದಲ್ಲಿ ಶುರುವಾಗಿ 31ನೇ ಅಧ್ಯಾಯದ ಹೊತ್ತಿಗೆ ಅದು ಇಪ್ಪತ್ತು ಸಲದಷ್ಟು ಬಂದಿರುತ್ತದೆ. ಬಲಿ ಅರ್ಪಿಸಬೇಕಾ, ಅಲ್ಲಿಗೆ ಹೋಗಿ. ಬೆಳೆಯಲ್ಲಿ ಹತ್ತನೇ ಒಂದು ಪಾಲು ಒಪ್ಪಿಸಬೇಕಾ, ಅಲ್ಲಿಗೇ ತನ್ನಿ. ಊರಿನ ನ್ಯಾಯಾಧೀಶರಿಂದ ಬಗೆಹರಿಯದ ವ್ಯಾಜ್ಯ ಇದೆಯಾ, ಅದನ್ನೂ ಅಲ್ಲಿಗೇ ಒಯ್ಯಿರಿ.

ಆದರೆ ‘ಅಲ್ಲಿ’ ಎಂದರೆ ಎಲ್ಲಿ? ಪುಸ್ತಕ ಹೇಳುವುದೇ ಇಲ್ಲ. ಯೆರೂಸಲೇಮ್ ಎಂಬ ಹೆಸರು ಮೋಶೆಯ ಐದು ಪುಸ್ತಕಗಳಲ್ಲಿ ಒಂದು ಸಲವೂ ಬಂದಿಲ್ಲ. ಇಷ್ಟು ಕಟ್ಟುನಿಟ್ಟಾಗಿ ‘ಒಂದೇ ಸ್ಥಳ’ ಎಂದು ಹೇಳುವ ಕಾನೂನು ಆ ಸ್ಥಳದ ಹೆಸರನ್ನೇ ಬಿಟ್ಟಿದೆ. ಹಾಗೆ ಬಿಟ್ಟದ್ದರಿಂದಲೇ ಇಸ್ರಾಯೇಲಿನ ಚರಿತ್ರೆಯ ಎಷ್ಟೋ ಜಗಳಗಳು ಹುಟ್ಟಿದವು. ಎಷ್ಟೋ ನಂಬಿಕೆಯೂ ಅದರಿಂದಲೇ ಬೆಳೆಯಿತು.

ಮೊದಲು ಹೀಗಿರಲಿಲ್ಲ. ಆದಿಕಾಂಡದಲ್ಲಿ ದೇವರು ಎಲ್ಲಿ ಕಾಣಿಸಿಕೊಂಡನೋ ಅಲ್ಲೇ ಯಜ್ಞವೇದಿ ಎದ್ದಿತು. ಅಬ್ರಹಾಮನು ಕಾನಾನ್ ದೇಶಕ್ಕೆ ಬಂದಾಗ ಮೊದಲು ನಿಂತದ್ದು ಶೆಕೆಮಿನಲ್ಲಿ, ಒಂದು ದೊಡ್ಡ ಮರದ ಹತ್ತಿರ. ಅಲ್ಲಿ ಯೆಹೋವನು ಕಾಣಿಸಿದ, ಅಬ್ರಹಾಮ ಯಜ್ಞವೇದಿ ಕಟ್ಟಿದ. ಆಮೇಲೆ ಬೇತೇಲಿನ ಹತ್ತಿರ ಒಂದು, ಹೆಬ್ರೋನಿನ ಮಮ್ರೆಯಲ್ಲಿ ಇನ್ನೊಂದು. ಅವನ ಮೊಮ್ಮಗ ಯಾಕೋಬನ ಕಥೆಯಂತೂ ಇನ್ನೂ ಚೆಂದ. ಅಣ್ಣನಿಗೆ ಹೆದರಿ ಓಡಿಹೋಗುತ್ತಿದ್ದವನಿಗೆ ಲೂಜ್ ಎಂಬ ಊರಿನ ಬಳಿ ಹೊತ್ತು ಮುಳುಗಿತು. ಕೈಗೆ ಸಿಕ್ಕ ಕಲ್ಲನ್ನು ತಲೆದಿಂಬು ಮಾಡಿಕೊಂಡು ಮಲಗಿದ. ಕನಸಿನಲ್ಲಿ ನೆಲದಿಂದ ಆಕಾಶಕ್ಕೆ ಏಣಿ, ಅದರ ಮೇಲೆ ಹತ್ತಿಳಿಯುವ ದೇವದೂತರು. ಎದ್ದವನೇ ಹೆದರಿದ. ಯೆಹೋವನು ಈ ಸ್ಥಳದಲ್ಲಿದ್ದಾನೆ, ನನಗೇ ಗೊತ್ತಿರಲಿಲ್ಲ ಎಂದ. ತಲೆಯಡಿ ಇದ್ದ ಅದೇ ಕಲ್ಲನ್ನು ನಿಲ್ಲಿಸಿ, ಎಣ್ಣೆ ಹೊಯ್ದು, ಬೇತೇಲ್ ಅಂದರೆ ‘ದೇವರ ಮನೆ’ ಎಂದು ಹೆಸರಿಟ್ಟ.

ಇಲ್ಲಿ ಮುಖ್ಯವಾದ ಸಂಗತಿ ಒಂದಿದೆ. ಯಾಕೋಬ ಆ ಜಾಗವನ್ನು ಹುಡುಕಿಕೊಂಡು ಹೋಗಲಿಲ್ಲ. ಕತ್ತಲಾಯಿತು, ಮಲಗಿದ, ಅಷ್ಟೇ. ಆರಿಸುವುದು ದೇವರ ಕೆಲಸ, ಗುರುತು ಹಿಡಿದು ಕಲ್ಲು ನಿಲ್ಲಿಸುವುದು ಮನುಷ್ಯನ ಕೆಲಸ. ಮುಂದೆ ಧರ್ಮೋಪದೇಶಕಾಂಡ ‘ಆರಿಸಿಕೊಳ್ಳುವ’ ಎಂದಾಗ ಅದರ ಬೇರು ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ವಿಮೋಚನಕಾಂಡದ 20ನೇ ಅಧ್ಯಾಯವೂ ಇದೇ ಧಾಟಿಯಲ್ಲಿದೆ. ನನ್ನ ಹೆಸರಿನ ನೆನಪನ್ನು ನಾನು ಎಲ್ಲೆಲ್ಲಿ ಉಂಟುಮಾಡುತ್ತೇನೋ ಅಲ್ಲೆಲ್ಲ ಬಂದು ನಿಮ್ಮನ್ನು ಆಶೀರ್ವದಿಸುತ್ತೇನೆ ಎನ್ನುತ್ತಾನೆ ದೇವರು. ಯಜ್ಞವೇದಿ ಮಣ್ಣಿನದಾಗಿರಲಿ. ಕಲ್ಲಿನದಾದರೆ ಕಲ್ಲಿಗೆ ಉಳಿ ಮುಟ್ಟಿಸಬೇಡಿ. ಅಂದರೆ ಒಂದಕ್ಕಿಂತ ಹೆಚ್ಚು ಸ್ಥಳಗಳಿಗೆ ಆಗ ಅವಕಾಶವಿತ್ತು.

ಇಂಥ ಊರೂರ ಪೂಜಾಸ್ಥಳಕ್ಕೆ ಹೀಬ್ರೂವಿನಲ್ಲಿ ‘ಬಾಮಾ’ ಎನ್ನುತ್ತಾರೆ. ಎಷ್ಟೋ ಸಲ ದಿಣ್ಣೆ, ಗುಡ್ಡದ ಮೇಲೆಯೇ ಇರುತ್ತಿತ್ತು. ಪ್ರವಾದಿ ಸಮುವೇಲನೇ ಒಂದು ಬಾಮಾದಲ್ಲಿ ಬಲಿಯೂಟಕ್ಕೆ ಕೂತಿದ್ದವನು. ಅರಸ ದಾವೀದನ ಮಗ ಸೊಲೊಮೋನನು ಯೆರೂಸಲೇಮಿನಲ್ಲಿ ದೇವಾಲಯ ಕಟ್ಟುವ ಮುಂಚೆ ಗಿಬ್ಯೋನಿನ ಬಾಮಾಕ್ಕೆ ಹೋಗಿ ಸಾವಿರ ಬಲಿ ಕೊಟ್ಟ. ವಿವೇಕ ಕೊಡು ಎಂದು ಅವನು ಕೇಳಿಕೊಂಡ ಕನಸು ಬಿದ್ದದ್ದೂ ಅಲ್ಲೇ.

ಇವು ಹೇಗಿದ್ದವು ಎಂಬುದಕ್ಕೆ ನೆಲದಡಿಯಿಂದಲೂ ಪುರಾವೆ ಸಿಕ್ಕಿದೆ. ದಕ್ಷಿಣದ ನೆಗೆವ್ ಸೀಮೆಯಲ್ಲಿ ಅರಾದ್ ಎಂಬ ಕೋಟೆಯಿದೆ. 1960ರ ದಶಕದಲ್ಲಿ ಯೋಹಾನಾನ್ ಅಹರೋನಿ ಅದನ್ನು ಅಗೆದಾಗ ಕೋಟೆಯ ಒಳಗೇ ಒಂದು ಚಿಕ್ಕ ಗುಡಿ ಸಿಕ್ಕಿತು. ಅಂಗಳದಲ್ಲಿ ಉಳಿ ಮುಟ್ಟದ ಕಲ್ಲಿನ ಯಜ್ಞವೇದಿ. ಗರ್ಭಗುಡಿಯ ಬಾಗಿಲಲ್ಲಿ ಸುಣ್ಣದಕಲ್ಲಿನ ಎರಡು ಪುಟ್ಟ ಧೂಪವೇದಿಗಳು, ಒಂದು ಸ್ವಲ್ಪ ದೊಡ್ಡದು, ಇನ್ನೊಂದು ಚಿಕ್ಕದು. ಅವುಗಳ ತಲೆಯ ಮೇಲೆ ಕಪ್ಪಗೆ ಅಂಟಿಕೊಂಡಿದ್ದದ್ದನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ದೊಡ್ಡದರ ಮೇಲೆ ಸಾಂಬ್ರಾಣಿ ಜಾತಿಯ ಪರಿಮಳದ ಅಂಟು. ಚಿಕ್ಕದರ ಮೇಲೆ ಸಗಣಿಯ ಜೊತೆ ಬೆರೆಸಿ ಸುಟ್ಟ ಗಾಂಜಾ! ಇದು ಅನ್ಯದೇವರ ಗುಡಿಯಲ್ಲ, ಯೆರೂಸಲೇಮನ್ನು ರಾಜಧಾನಿ ಮಾಡಿಕೊಂಡಿದ್ದ ಯೆಹೂದ ರಾಜ್ಯದ ಸೈನ್ಯದ ಕೋಟೆಯೊಳಗಿನ ಗುಡಿ. ಬೇರ್ಷೆಬದಲ್ಲಿ 1973ರಲ್ಲಿ ಇನ್ನೊಂದು ಪುರಾವೆ ಸಿಕ್ಕಿತು. ನಾಲ್ಕು ಮೂಲೆಗೂ ಕೊಂಬಿದ್ದ ದೊಡ್ಡ ಯಜ್ಞವೇದಿಯೊಂದನ್ನು ಬಿಚ್ಚಿ, ಅದರ ಕಲ್ಲುಗಳನ್ನು ಉಗ್ರಾಣದ ಗೋಡೆಗೆ ಸೇರಿಸಿಬಿಟ್ಟಿದ್ದರು. ಆ ಕಲ್ಲುಗಳು ನುಣ್ಣಗೆ ಕೆತ್ತಿದವು. ಒಂದರ ಮೇಲೆ ಹಾವಿನ ಗೆರೆಚಿತ್ರವೂ ಇದೆ. ಕಾನೂನು ಹೇಳಿದ್ದೇ ಒಂದು, ಜನ ನಡೆದುಕೊಂಡದ್ದೇ ಇನ್ನೊಂದು ಎಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಯೆರೂಸಲೇಮ್ ‘ಆ ಸ್ಥಳ’ ಆದದ್ದು ಹೇಗೆ?

ಅದು ಹಳೆಯ ಕುಲಪಿತೃಗಳ ಊರಲ್ಲ, ಯೆಬೂಸಿಯರ ಕೋಟೆ. ದಾವೀದ ಅದನ್ನು ಗೆದ್ದು ರಾಜಧಾನಿ ಮಾಡಿಕೊಂಡ. ಅದಕ್ಕೂ ಮುಂಚೆ ಒಡಂಬಡಿಕೆಯ ಮಂಜೂಷ, ಅಂದರೆ ದೇವರ ಆಜ್ಞೆಗಳ ಕಲ್ಲಿನ ಹಲಗೆಗಳಿದ್ದ ಪವಿತ್ರ ಪೆಟ್ಟಿಗೆ, ಬಹಳ ಕಾಲ ಶೀಲೋವಿನಲ್ಲಿತ್ತು. ಮಕ್ಕಳಿಲ್ಲದ ಹನ್ನಾ ಅತ್ತು ಬೇಡಿಕೊಂಡದ್ದು ಅಲ್ಲಿ. ಶತ್ರುಗಳಾದ ಫಿಲಿಷ್ಟಿಯರು ಮಂಜೂಷವನ್ನು ಹೊತ್ತುಕೊಂಡು ಹೋದ ಮೇಲೆ ಶೀಲೋ ಮಂಕಾಯಿತು. ಮಂಜೂಷ ಊರೂರು ಸುತ್ತಿ, ಕಿರ್ಯತ್ಯಾರೀಮಿನಲ್ಲಿ ವರ್ಷಗಟ್ಟಲೆ ಇದ್ದು, ಕೊನೆಗೆ ದಾವೀದನ ಊರಿಗೆ ಬಂತು. ದಾವೀದನಿಗೆ ದೇವಾಲಯ ಕಟ್ಟುವ ಆಸೆ. ಆದರೆ ಪ್ರವಾದಿ ನಾತಾನನ ಮೂಲಕ ಬಂದ ಉತ್ತರ, ಬೇಡ ಎಂದು. ಇಷ್ಟು ದಿನ ಗುಡಾರದಲ್ಲೇ ತಿರುಗಾಡಿದ್ದೇನೆ, ನನಗೊಂದು ಮನೆ ಕಟ್ಟಿ ಎಂದು ಯಾರನ್ನಾದರೂ ಕೇಳಿದ್ದೆನಾ ಎನ್ನುತ್ತಾನೆ ದೇವರು.

ಸ್ಥಳ ಗೊತ್ತಾದದ್ದು ಒಂದು ಆಪತ್ತಿನಲ್ಲಿ. 2 ಸಮುವೇಲ 24ನೇ ಅಧ್ಯಾಯ ಅದನ್ನು ಹೇಳುತ್ತದೆ. ದಾವೀದ ಜನರನ್ನು ಎಣಿಸಿದ, ಅದು ಪಾಪವೆಂದಾಯಿತು. ದೇಶಕ್ಕೆ ಅಂಟುರೋಗ ಬಂದು 70,000 ಜನ ಸತ್ತರು. ಸಂಹಾರದೂತ ಯೆರೂಸಲೇಮಿನ ಮೇಲೆ ಕೈ ಚಾಚಿದಾಗ ದೇವರು ಸಾಕು ಎಂದ. ಆ ಹೊತ್ತಿಗೆ ದೂತ ನಿಂತಿದ್ದದ್ದು ಅರೌನ ಎಂಬ ಯೆಬೂಸಿಯನ ಕಣದಲ್ಲಿ. ಹೌದು, ಧಾನ್ಯ ಒಕ್ಕುವ ಕಣ. ಗಾಳಿ ಚೆನ್ನಾಗಿ ಬೀಸಿದರೆ ತಾನೇ ಹೊಟ್ಟು ತೂರಲು ಆಗುವುದು? ಕಣ ಎತ್ತರದಲ್ಲಿರುತ್ತಿದ್ದದ್ದು ಅದಕ್ಕೇ. ಅಲ್ಲೇ ಯಜ್ಞವೇದಿ ಕಟ್ಟು ಎಂದು ಪ್ರವಾದಿ ಗಾದ್ ಬಂದು ಹೇಳಿದ.

ಅರಸ ಬರುವುದನ್ನು ಕಂಡ ಅರೌನ ನೆಲಕ್ಕೆ ಬಾಗಿ ನಮಸ್ಕರಿಸಿದ. ವಿಷಯ ತಿಳಿದ ಮೇಲೆ ಎಲ್ಲವನ್ನೂ ಹಾಗೇ ಕೊಡಲು ಸಿದ್ಧನಾದ. ಬಲಿಗೆ ಎತ್ತುಗಳು, ಸೌದೆಗೆ ಒಕ್ಕುವ ಹಲಗೆಗಳು ಮತ್ತು ನೊಗಗಳು. ದಾವೀದ ಒಪ್ಪಲಿಲ್ಲ. ಬಿಟ್ಟಿ ಸಿಕ್ಕಿದ್ದನ್ನು ನನ್ನ ದೇವರಿಗೆ ಅರ್ಪಿಸುವುದಿಲ್ಲ ಎಂದು, ಕಣಕ್ಕೂ ಎತ್ತುಗಳಿಗೂ 50 ಶೆಕೆಲ್ ಬೆಳ್ಳಿ ಎಣಿಸಿಕೊಟ್ಟ. ಈಗಿನ ತೂಕದಲ್ಲಿ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ. ಇದೇ ಕಥೆಯನ್ನು ಮತ್ತೆ ಹೇಳುವ ಪೂರ್ವಕಾಲವೃತ್ತಾಂತ ಇಡೀ ನಿವೇಶನಕ್ಕೆ 600 ಶೆಕೆಲ್ ಚಿನ್ನ ಎನ್ನುತ್ತದೆ. ಅಷ್ಟೇ ಅಲ್ಲ, ಆಕಾಶದಿಂದ ಬೆಂಕಿ ಬಿದ್ದು ಬಲಿಯನ್ನು ದಹಿಸಿತು, ದೇವರ ಮನೆ ಇದೇ ಎಂದು ದಾವೀದ ಸಾರಿದ ಎಂದೂ ಸೇರಿಸುತ್ತದೆ. ಅಬ್ರಹಾಮನು ಮಗ ಇಸಾಕನನ್ನು ಬಲಿಕೊಡಲು ಕರೆದೊಯ್ದ ‘ಮೊರೀಯ’ದ ಹೆಸರನ್ನು ದೇವಾಲಯದ ಗುಡ್ಡಕ್ಕೆ ಜೋಡಿಸುವುದೂ ಇದೇ ಗ್ರಂಥ. ಕಾಲ ಕಳೆದಂತೆ ಆ ಕಣದ ಬೆಲೆಯೂ ಮಹಿಮೆಯೂ ಏರಿದ್ದು ಕಾಣುತ್ತದೆ, ಅಲ್ವಾ?

ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾಗುವುದು, ಜಾಗ ಒಬ್ಬ ಪರಜಾತಿಯವನದು ಎಂಬುದು. ಗೆದ್ದ ಅರಸ ಸೋತ ಜನದ ರೈತನೊಬ್ಬನಿಗೆ ದುಡ್ಡು ಕೊಟ್ಟು ಕೊಂಡುಕೊಳ್ಳುತ್ತಾನೆ. ಕಸಿದುಕೊಂಡ ನೆಲದ ಮೇಲೆ ಈ ಯಜ್ಞವೇದಿ ಏಳಬಾರದು ಎಂಬ ಎಚ್ಚರ ಕಥೆ ಹೇಳಿದವನಿಗಿತ್ತು ಎನಿಸುತ್ತದೆ.

ಸೊಲೊಮೋನನು ಕ್ರಿ.ಪೂ. 10ನೇ ಶತಮಾನದಲ್ಲಿ 7 ವರ್ಷ ಹಿಡಿದು ಅಲ್ಲಿ ದೇವಾಲಯ ಕಟ್ಟಿಸಿದ ಎನ್ನುತ್ತದೆ ಬೈಬಲ್. ಉದ್ದ 60 ಮೊಳ, ಅಗಲ 20, ಎತ್ತರ 30. ಪ್ರತಿಷ್ಠೆಯ ದಿನದ ಪ್ರಾರ್ಥನೆಯಲ್ಲಿ ಅವನೇ ಕೇಳುತ್ತಾನೆ: ಆಕಾಶಾಕಾಶಗಳೂ ನಿನಗೆ ಸಾಲದಿರುವಾಗ ನಾನು ಕಟ್ಟಿದ ಈ ಮನೆ ಎಷ್ಟರದು? ಅದಕ್ಕೇ ಧರ್ಮೋಪದೇಶಕಾಂಡ ಬಹಳ ಹುಷಾರಾಗಿ, ದೇವರು ಅಲ್ಲಿ ತನ್ನ ‘ಹೆಸರನ್ನು’ ಇರಿಸುತ್ತಾನೆ ಎನ್ನುತ್ತದೆ.

ಆದರೂ ಊರೂರ ಪೂಜಾಸ್ಥಳಗಳು ನಿಲ್ಲಲಿಲ್ಲ. ಸೊಲೊಮೋನನ ನಂತರ ರಾಜ್ಯ ಉತ್ತರ, ದಕ್ಷಿಣ ಎಂದು ಒಡೆದಾಗ ಉತ್ತರದ ಅರಸ ಯಾರೊಬ್ಬಾಮ, ತನ್ನ ಜನ ಯೆರೂಸಲೇಮಿಗೆ ಹೋಗುತ್ತಿದ್ದರೆ ಅವರ ಮನಸ್ಸೂ ಅತ್ತ ತಿರುಗೀತೆಂದು ಹೆದರಿ, ಬೇತೇಲಿನಲ್ಲೂ ದಾನಿನಲ್ಲೂ ಚಿನ್ನದ ಕರುಗಳನ್ನು ನಿಲ್ಲಿಸಿದ. ದಕ್ಷಿಣದ ಯೆಹೂದದಲ್ಲಿ ಅರಸ ಹಿಜ್ಕೀಯ ಪೂಜಾಸ್ಥಳಗಳನ್ನು ತೆಗೆಸಿದ. ಅರಾದಿನ ಧೂಪವೇದಿಗಳನ್ನು ಒಡೆಯದೆ ಮಲಗಿಸಿ ಮಣ್ಣು ಮುಚ್ಚಿದ್ದು ಇವನ ಕಾಲದಲ್ಲೇ ಎನ್ನುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ಕ್ರಿ.ಪೂ. 701ರಲ್ಲಿ ಅಶ್ಶೂರದ ಸೈನ್ಯ ಯೆರೂಸಲೇಮಿಗೆ ಬಂದಾಗ ಅವರ ಅಧಿಕಾರಿ ಗೋಡೆಯ ಮೇಲಿದ್ದ ಜನರಿಗೆ ಕೇಳುವಂತೆ ಇದನ್ನೇ ಎತ್ತಿ ಆಡಿದ. ನಿಮ್ಮ ದೇವರನ್ನು ನಂಬಿದ್ದೀರಾ? ಅವನ ಪೂಜಾಸ್ಥಳಗಳನ್ನು ಹಾಳುಮಾಡಿ ಈ ಒಂದೇ ವೇದಿಯ ಮುಂದೆ ಅಡ್ಡಬೀಳಿ ಎಂದವನು ನಿಮ್ಮ ಹಿಜ್ಕೀಯನಲ್ಲವೇ? ಆ ಮಾತು ಜನರ ಮನಸ್ಸಿಗೆ ನಾಟುವಂಥದ್ದು. ತಾತ ಮುತ್ತಾತಂದಿರು ಕೈಮುಗಿದ ಜಾಗ ಮುಚ್ಚಿಸಿದರೆ ಯಾರಿಗೆ ತಾನೇ ಸಂಕಟವಾಗುವುದಿಲ್ಲ?

ಕ್ರಿ.ಪೂ. 622ರ ಸುಮಾರಿಗೆ ದೇವಾಲಯದ ದುರಸ್ತಿ ನಡೆಯುವಾಗ ಮಹಾಯಾಜಕ ಹಿಲ್ಕೀಯನಿಗೆ ಒಂದು ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು. ಅದನ್ನು ಓದಿಸಿ ಕೇಳಿದ ಅರಸ ಯೋಷೀಯ ಬಟ್ಟೆ ಹರಿದುಕೊಂಡ. ಗೆಬದಿಂದ ಬೇರ್ಷೆಬದವರೆಗಿನ ಪೂಜಾಸ್ಥಳಗಳನ್ನು ಹೊಲೆಮಾಡಿದ, ಬೇತೇಲಿನ ಯಜ್ಞವೇದಿಯನ್ನು ಕೆಡವಿದ. ಆ ಗ್ರಂಥ ಧರ್ಮೋಪದೇಶಕಾಂಡದ ಒಂದು ರೂಪವೇ ಇರಬೇಕು ಎಂದು 1805ರಲ್ಲಿ ಜರ್ಮನಿಯ ವಿದ್ವಾಂಸ ಡಿ ವೆಟ್ಟೆ ವಾದಿಸಿದರು. ಇಂದಿಗೂ ಬಹಳ ಜನ ವಿದ್ವಾಂಸರು ಈ ನಂಟನ್ನು ಒಪ್ಪುತ್ತಾರೆ.

ಒಂದೇ ಸ್ಥಳ ಎಂದರೆ ಸಾಮಾನ್ಯ ಮನೆಯಲ್ಲಿ ಏನು ಬದಲಾಯಿತು? ಈ ವಿಷಯಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಮೊದಲೆಲ್ಲ ಕುರಿ ಕಡಿಯುವುದು ಎಂದರೇ ಯಜ್ಞವೇದಿಯ ಕೆಲಸ. ದಾವೀದನಿಗಿಂತ ಮುಂಚಿನ ಅರಸ ಸೌಲನ ಸೈನಿಕರು ಹಸಿವು ತಾಳದೆ ನೆಲದ ಮೇಲೇ ಕಡಿದು ರಕ್ತದ ಸಮೇತ ತಿಂದಾಗ, ಅವನು ಗಾಬರಿಯಾಗಿ ದೊಡ್ಡ ಕಲ್ಲೊಂದನ್ನು ಉರುಳಿಸಿ ತರಿಸಿ, ಇದರ ಮೇಲೆ ಕಡಿಯಿರಿ ಎಂದ. ಈಗ ಯಜ್ಞವೇದಿ ಮೂರು ನಾಲ್ಕು ದಿನದ ದಾರಿಯಲ್ಲಿದ್ದರೆ ಮಾಂಸದೂಟಕ್ಕೆ ಏನು ಮಾಡುವುದು? ಊರಲ್ಲೇ ಕಡಿದು ತಿನ್ನಿ, ರಕ್ತವನ್ನು ಮಾತ್ರ ನೀರಿನಂತೆ ನೆಲಕ್ಕೆ ಸುರಿಯಿರಿ ಎಂದಿತು ಧರ್ಮೋಪದೇಶಕಾಂಡ. ದಶಮಾಂಶದ ಧಾನ್ಯ ಹೊತ್ತೊಯ್ಯಲು ದಾರಿ ದೂರವಾದರೆ ಅದನ್ನು ಮಾರಿ ಬೆಳ್ಳಿ ಕಟ್ಟಿಕೊಂಡು ಹೋಗಿ. ಅಲ್ಲಿ ದನವೋ ಕುರಿಯೋ ದ್ರಾಕ್ಷಾರಸವೋ ಬೇಕಾದ್ದು ಕೊಂಡು, ಮನೆಮಂದಿಯೆಲ್ಲ ಸಂತೋಷವಾಗಿ ಊಟ ಮಾಡಿ. ನಿಮ್ಮೂರಿನ ಲೇವಿಯನನ್ನು, ಅಂದರೆ ಪೂಜೆಯ ಕೆಲಸದ ಲೇವಿ ಕುಲದವನನ್ನು, ಮರೆಯಬೇಡಿ. ಆ ಕೊನೆಯ ಮಾತು ಸುಮ್ನೆ ಬಂದದ್ದಲ್ಲ. ಊರಿನ ಪೂಜಾಸ್ಥಳ ಮುಚ್ಚಿದ ಮೇಲೆ ಹೊಟ್ಟೆಪಾಡು ಹೋದದ್ದು ಅವನದೇ. ಯೆಹೋವನು ಆರಿಸಿದ ಸ್ಥಳಕ್ಕೆ ಅವನು ಬಂದರೆ ಸಮಪಾಲು ಕೊಡಿ ಎಂದು ಕಾನೂನು ಹೇಳಿತು. ಆದರೆ ಯೋಷೀಯ ಕರೆತಂದ ಊರಿನ ಯಾಜಕರು ಯೆರೂಸಲೇಮಿನ ಯಜ್ಞವೇದಿ ಹತ್ತಲಿಲ್ಲ, ತಮ್ಮ ಬಂಧುಗಳ ನಡುವೆ ಹುಳಿಯಿಲ್ಲದ ರೊಟ್ಟಿ ತಿಂದುಕೊಂಡಿದ್ದರು ಎಂದು 2 ಅರಸುಗಳು 23ನೇ ಅಧ್ಯಾಯ ಹೇಳುತ್ತದೆ.

ಹೆಸರು ಏಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ 12ನೇ ಶತಮಾನದ ಯಹೂದಿ ತತ್ವಜ್ಞಾನಿ ಮೈಮೊನಿದೀಸ್ ಮೂರು ಕಾರಣ ಕೊಟ್ಟರು. ಮೊದಲೇ ಗೊತ್ತಾದರೆ ಬೇರೆ ಜನಾಂಗಗಳು ಆ ಜಾಗವನ್ನು ಹಿಡಿದುಕೊಂಡು ಬಲವಾಗಿ ಕಾದಾಡಿಯಾರು. ಅಲ್ಲಿ ಆಗ ಇದ್ದವರು ಅದನ್ನು ಹಾಳುಗೆಡವಿಯಾರು. ಮೂರನೆಯದನ್ನು ಅವರು ಎಲ್ಲಕ್ಕಿಂತ ಬಲವಾದದ್ದು ಎನ್ನುತ್ತಾರೆ: ಪ್ರತಿಯೊಂದು ಕುಲವೂ ಅದು ನಮ್ಮ ಪಾಲಿಗೇ ಬರಲಿ ಎಂದು ಜಗಳಕ್ಕೆ ನಿಂತೀತು. ನನಗೂ ಮೂರನೆಯದೇ ಸರಿ ಕಾಣುತ್ತದೆ.

ಜಗಳ ಮಾತ್ರ ತಪ್ಪಲಿಲ್ಲ. ಮೋಶೆಯ ಐದು ಪುಸ್ತಕಗಳನ್ನಷ್ಟೇ ಶಾಸ್ತ್ರವೆಂದು ಒಪ್ಪುವ, ತಾವೂ ಇಸ್ರಾಯೇಲ್ಯರೇ ಎನ್ನುವ ಸಮಾರ್ಯರ ಧರ್ಮಶಾಸ್ತ್ರದಲ್ಲಿ ಇದೇ ಮಾತು ‘ಆರಿಸಿಕೊಂಡ ಸ್ಥಳ’ ಎಂದಿದೆ. ಹೀಬ್ರೂವಿನಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ, ಎಲ್ಲಕ್ಕಿಂತ ಚಿಕ್ಕ ಅಕ್ಷರವಾದ ‘ಯೋದ್’. ಆ ಅಕ್ಷರ ಇದ್ದರೆ ಆಯ್ಕೆ ಮುಂದೆ ಆಗಬೇಕಾದದ್ದು, ದಾವೀದನ ತನಕ ಕಾಯಬೇಕು. ಇಲ್ಲದಿದ್ದರೆ ಆಯ್ಕೆ ಆಗಲೇ ಆಗಿಹೋಗಿದೆ. ಎಲ್ಲಿ? ಶೆಕೆಮಿನ ಪಕ್ಕದ ಗೆರಿಜ್ಜೀಮ್ ಬೆಟ್ಟದಲ್ಲಿ. ಅಬ್ರಹಾಮ ಮೊದಲ ಯಜ್ಞವೇದಿ ಕಟ್ಟಿದ ಸೀಮೆ ಅದೇ ತಾನೇ ಎನ್ನುತ್ತಾರೆ ಅವರು. ಅವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕ್ರಿ.ಪೂ. 5ನೇ ಶತಮಾನದಲ್ಲೇ ಆ ಬೆಟ್ಟದ ಮೇಲೆ ಯೆಹೋವನ ದೇವಸ್ಥಾನ ಇತ್ತು. ಕ್ರಿ.ಪೂ. 2ನೇ ಶತಮಾನದ ಕೊನೆಗೆ ಯೆರೂಸಲೇಮಿನ ಆಡಳಿತಗಾರ ಯೋಹಾನ ಹಿರ್ಕಾನಸ್ ಅದನ್ನು ನಾಶಮಾಡಿದ. ನಮ್ಮ ಪಿತೃಗಳು ಈ ಬೆಟ್ಟದಲ್ಲಿ ಆರಾಧಿಸಿದರು, ನೀವೋ ಯೆರೂಸಲೇಮ್ ಎನ್ನುತ್ತೀರಿ ಎಂದು ಬಾವಿಯ ಬಳಿ ಸಮಾರ್ಯದ ಹೆಂಗಸು ಯೇಸುವಿನ ಮುಂದೆ ಇಟ್ಟದ್ದು ಇದೇ ಹಳೆಯ ವ್ಯಾಜ್ಯವನ್ನು.

ಯಹೂದಿಗಳ ಹಳೆಯ ಕಾನೂನು ಸಂಗ್ರಹವಾದ ಮಿಷ್ನಾ ಈ ಇಡೀ ಚರಿತ್ರೆಯನ್ನು ಕಾನೂನಿನ ಭಾಷೆಯಲ್ಲಿ ಕಟ್ಟಿಕೊಡುತ್ತದೆ. ಶೀಲೋ ಇದ್ದಾಗ ಬಾಮಾಗಳಿಗೆ ನಿಷೇಧ. ಶೀಲೋ ಹೋಗಿ ನೋಬ್, ಗಿಬ್ಯೋನ್‌ಗಳ ಕಾಲ ಬಂದಾಗ ಮತ್ತೆ ಅನುಮತಿ. ಯೆರೂಸಲೇಮಿಗೆ ಬಂದ ಮೇಲೆ ನಿಷೇಧ, ಅದಕ್ಕೆ ಇನ್ನು ಸಡಿಲಿಕೆ ಇಲ್ಲ. ಹಾಗಾಗಿ ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ಸುಟ್ಟ ಮೇಲೆ ಯಹೂದಿಗಳು ಬೇರೆ ಊರಿನಲ್ಲಿ ಯಜ್ಞವೇದಿ ಕಟ್ಟಿಕೊಳ್ಳಲಿಲ್ಲ. ಬಲಿಯ ಜಾಗದಲ್ಲಿ ಪ್ರಾರ್ಥನೆ ನಿಂತಿತು. ಕೆಲವು ನೂರರಷ್ಟೇ ಉಳಿದಿರುವ ಸಮಾರ್ಯರು ಮಾತ್ರ ಇಂದಿಗೂ ಪ್ರತಿ ವರ್ಷ, ಈಜಿಪ್ಟಿನಿಂದ ಬಿಡುಗಡೆಯಾದ ನೆನಪಿನ ಪಸ್ಕಹಬ್ಬದ ಸಂಜೆ, ಗೆರಿಜ್ಜೀಮ್ ಬೆಟ್ಟದ ಮೇಲೆ ಕುರಿಗಳನ್ನು ಬಲಿ ಕೊಡುತ್ತಾರೆ.