ಪದ ಪರಿಚಯ: ಲಸಿಕೆ ವಿನಾಯಿತಿ

ಅಮೆರಿಕದಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಹೋದರೆ ಲಸಿಕೆಯ ದಾಖಲೆ ಕೇಳುತ್ತಾರೆ. ಲಸಿಕೆ ಹಾಕಿಸದೆಯೂ ಸೇರಿಸಲು ಕಾನೂನು ಕೊಡುವ ಅನುಮತಿಯೇ ವಿನಾಯಿತಿ. ಅಲ್ಲಿನವರು ಎಕ್ಸೆಂಪ್ಷನ್ ಅನ್ನುತ್ತಾರೆ. ವೈದ್ಯಕೀಯ ಕಾರಣಕ್ಕೆ ಒಂದು, ಧರ್ಮದ ಕಾರಣಕ್ಕೆ ಒಂದು, ಸ್ವಂತ ನಂಬಿಕೆಯ ಕಾರಣಕ್ಕೆ ಇನ್ನೊಂದು. ಯಾವುದು ಸಿಗುತ್ತದೆ ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಲಸಿಕೆ ಇಲ್ಲದ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳದಿರಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1922ರಲ್ಲೇ ಒಪ್ಪಿದೆ. ಹಾಗಾಗಿ ಜಗಳ ಜಾಸ್ತಿ ನಡೆಯುವುದು ಈ ವಿನಾಯಿತಿಯ ಸುತ್ತಲೇ.

ವೈದ್ಯಕೀಯ ವಿನಾಯಿತಿ ಬೇಕೇ ಬೇಕು. ರಕ್ತದ ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆಯುತ್ತಿರುವ ಮಗುವಿಗೆ ದಡಾರದ ಲಸಿಕೆ ಕೊಡುವಂತಿಲ್ಲ. ಅದರಲ್ಲಿರುವುದು ಬಲ ಕುಂದಿಸಿದ ಜೀವಂತ ವೈರಸ್. ಪಕ್ಕದಲ್ಲಿ ಕೂರುವ ಮಕ್ಕಳು ಲಸಿಕೆ ಹಾಕಿಸಿಕೊಂಡಿರುವುದೇ ಆ ಮಗುವಿಗೆ ರಕ್ಷಣೆ. ದಡಾರ ಬಂದವರು ಕೆಮ್ಮಿ ಎದ್ದು ಹೋದರೂ ವೈರಸ್ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ಉಳಿಯಬಹುದು. ಅದು ಹಬ್ಬದಿರಲು 100ರಲ್ಲಿ ಸುಮಾರು 95 ಜನರಿಗೆ ರೋಗನಿರೋಧಕ ಶಕ್ತಿ ಇರಬೇಕು. ಉಳಿದ ಐದು ಜಾಗ ಲಸಿಕೆ ಹಾಕಿಸಿಕೊಳ್ಳಲು ಆಗದ ಮಕ್ಕಳದ್ದು, ಅಲ್ವಾ? ನಂಬಿಕೆಯ ಹೆಸರಲ್ಲಿ ಬೇರೆಯವರು ಅದನ್ನು ತುಂಬಿದರೆ ತೊಂದರೆ ಅನುಭವಿಸುವುದು ಆ ಮಕ್ಕಳೇ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದೂ ಇದೇ. 2014ರ ಡಿಸೆಂಬರ್‌ನಲ್ಲಿ ಡಿಸ್ನಿಲ್ಯಾಂಡ್‌ನಿಂದ ದಡಾರ ಹಬ್ಬಿತು. ಸೋಂಕು ತಗುಲಿದ ಹಲವರು ಲಸಿಕೆ ಹಾಕಿಸಿಕೊಂಡಿರಲಿಲ್ಲ. ಆಗ ಮಕ್ಕಳ ವೈದ್ಯರೂ ಆಗಿದ್ದ ರಾಜ್ಯದ ಸೆನೆಟರ್ ರಿಚರ್ಡ್ ಪ್ಯಾನ್ ಮತ್ತು ಇನ್ನೊಬ್ಬ ಸೆನೆಟರ್ ಬೆನ್ ಅಲೆನ್ ಎಸ್‌ಬಿ 277 ಎಂಬ ಮಸೂದೆ ತಂದರು. 2015ರ ಜೂನ್‌ನಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. ಮರುವರ್ಷದ ಜುಲೈಯಿಂದ ಶಾಲೆ ಸೇರಲು ನಂಬಿಕೆಯ ಕಾರಣ ಸಾಲದಾಯಿತು. ವೈದ್ಯಕೀಯ ವಿನಾಯಿತಿಯ ನಿಯಮಗಳನ್ನೂ 2019ರಲ್ಲಿ ಬಿಗಿ ಮಾಡಿದರು.

ನಮ್ಮೂರಿನಿಂದ ಅಲ್ಲಿಗೆ ಹೋಗುವ ಪೋಷಕರು ಒಂದು ವಿಷಯ ಗಮನಿಸಿ. ನಮ್ಮಲ್ಲಿ ದಡಾರ ಲಸಿಕೆಯ ಮೊದಲ ಡೋಸ್ 9 ತಿಂಗಳಿಗೆ ಹಾಕುತ್ತಾರೆ. ಕ್ಯಾಲಿಫೋರ್ನಿಯಾದ ಶಾಲೆಗಳು ಮಗುವಿಗೆ ಒಂದು ವರ್ಷ ತುಂಬಿದ ಮೇಲೆ ಹಾಕಿಸಿದ್ದನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತವೆ. ತಾಯಿ ಕಾರ್ಡ್‌ನಲ್ಲಿ ಎರಡು ಡೋಸ್ ಇದ್ದರೂ ಅಲ್ಲಿ ಒಂದೇ ಆಗಬಹುದು. ಚಿಕನ್‌ಪಾಕ್ಸ್ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ, ಅಲ್ಲಿ ಎರಡು ಡೋಸ್ ಕೇಳುತ್ತಾರೆ. ಇದಕ್ಕೆಲ್ಲ ಸುಮ್ನೆ ವಿನಾಯಿತಿಯ ದಾರಿ ಹುಡುಕಬೇಡಿ. ವಿಮಾನ ಹತ್ತುವ ಮೊದಲೇ ಮಕ್ಕಳ ಡಾಕ್ಟರಿಗೆ ಕಾರ್ಡ್ ತೋರಿಸಿ, ಬಾಕಿ ಇರುವ ಡೋಸ್ ಹಾಕಿಸಿಬಿಡಿ.